ಬಾಂಡ್ ಪಿಕ್ಚರ್, ಬಲೀಂದ್ರ ಮತ್ತು ಅಪ್ಪಯ್ಯನ ಎಡೆ

ಜೇಮ್ಸ್ ಬಾಂಡ್ ಅಭಿಮಾನಿಗಳು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರೋ ಒಮ್ಮೆ ಕೈ ಎತ್ತಿ! 2015ರಲ್ಲಿ ಬಂದ ‘ಸ್ಪೆಕ್ಟರ್’ ನೆನಪಿದೆ ತಾನೇ? ಟೈಟಲ್ ಬೀಳುವ ಮುಂಚೆಯೇ ಮೆಕ್ಸಿಕೋ ನಗರದ ಬೀದಿ. ಎತ್ತ ನೋಡಿದರೂ ಎಲುಬಿನ ಹಂದರ! ತಲೆಬುರುಡೆಯ ಮುಖವಾಡ ಹಾಕಿಕೊಂಡ ಜನಸಾಗರ, ಮನೆಯೆತ್ತರದ ಗೊಂಬೆಗಳು, ಡೋಲಿನ ಅಬ್ಬರ... ಆ ಗದ್ದಲದ ನಡುವೆ ಡೇನಿಯಲ್ ಕ್ರೇಗ್ ಸಾಹೇಬರು ಅಸ್ಥಿಪಂಜರದ ವೇಷ ತೊಟ್ಟು, ಸುಂದರಿಯೊಬ್ಬಳ ಕೈ ಹಿಡಿದು ಗಂಭೀರವಾಗಿ ನಡೆದು ಹೋಗುತ್ತಾರೆ. ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಗೆಳೆಯ “ಇದೆಂಥ ಹಬ್ಬ ಮಾರಾಯ?” ಅಂತ ಬಾಯಿ ಬಿಟ್ಟಿದ್ದ.

ಅದು ಸತ್ತವರ ಹಬ್ಬ. ಪ್ರತಿ ವರ್ಷ ನವೆಂಬರ್ 1 ಮತ್ತು 2ರಂದು ನಡೆಯುತ್ತದೆ. ಮೊದಲ ದಿನ ತೀರಿಹೋದ ಮಕ್ಕಳಿಗೆ, ಎರಡನೇ ದಿನ ದೊಡ್ಡವರಿಗೆ. ಆದರೆ ಒಂದು ಸ್ವಾರಸ್ಯ ಕೇಳಿ. ಬಾಂಡ್ ಪಿಕ್ಚರಿನಲ್ಲಿ ಕಂಡ ಆ ಭಾರೀ ಮೆರವಣಿಗೆ ಮೆಕ್ಸಿಕೋ ನಗರದಲ್ಲಿ ಆವರೆಗೆ ಇರಲೇ ಇಲ್ಲ! ಸಿನಿಮಾದವರು ತಮ್ಮ ಚಿತ್ರಕ್ಕೆಂದು ಹುಟ್ಟಿಸಿದ್ದು. ಪಿಕ್ಚರ್ ನೋಡಿದ ಪ್ರವಾಸಿಗರು ಮೆರವಣಿಗೆ ಎಲ್ಲಿ ಅಂತ ಕೇಳಿಕೊಂಡು ಬಂದರೆ ಏನು ತೋರಿಸುವುದು? 2016ರಲ್ಲಿ ಊರಿನವರು ನಿಜವಾಗಿಯೇ ಒಂದು ಮೆರವಣಿಗೆ ಹೊರಡಿಸಿಬಿಟ್ಟರು. ಹಬ್ಬ ನೋಡಿ ಸಿನಿಮಾ ತೆಗೆಯುವುದು ನಮಗೆ ಗೊತ್ತು, ಸಿನಿಮಾ ನೋಡಿ ಹಬ್ಬ ಮಾಡಿದವರು ಇವರು!

ಅಸಲಿ ಹಬ್ಬ ನಡೆಯುವುದು ಮನೆಯೊಳಗೆ ಮತ್ತು ಸ್ಮಶಾನದಲ್ಲಿ. ಮನೆಯ ಮೂಲೆಯಲ್ಲಿ ಒಂದು ಮೇಜು. ಅದರ ಮೇಲೆ ತೀರಿಹೋದವರ ಫೋಟೋ, ಮೇಣದ ಬತ್ತಿ, ಒಂದು ಲೋಟ ನೀರು, ಉಪ್ಪು, ಆ ದಿನಕ್ಕೆಂದೇ ಸುಟ್ಟ ಸಿಹಿ ರೊಟ್ಟಿ. ಜೊತೆಗೆ ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದು. ಬಿರಿಯಾನಿ ಇಷ್ಟವಿದ್ದರೆ ಬಿರಿಯಾನಿ, ಬಾಟ್ಲಿ ಇಷ್ಟವಿದ್ದರೆ ಬಾಟ್ಲಿ ಅಂತ ನಮ್ಮ ಭಾಷೆಯಲ್ಲಿ ತಿಳಿಯಿರಿ. 2017ರ ಕಾರ್ಟೂನ್ ಚಿತ್ರ ‘ಕೋಕೋ’ ನೋಡಿದವರಿಗೆ ಇದೆಲ್ಲ ಗೊತ್ತು. ಆ ಚಿತ್ರಕ್ಕೆ ಎರಡು ಆಸ್ಕರ್ ಬಂತು. ಅದರಲ್ಲಿ, ಮೇಜಿನ ಮೇಲೆ ಫೋಟೋ ಇಲ್ಲದ ಸತ್ತವನಿಗೆ ಮನೆಗೆ ಬರಲು ದಾರಿಯೇ ಇಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂತೀರಾ? 2024ರ ನವೆಂಬರ್ 2, ಶನಿವಾರ ನನಗೆ ಇದೇ ಪೇಚಾಟ ಬಂದಿತ್ತು. ಮೆಕ್ಸಿಕೋದಲ್ಲಲ್ಲ ಸ್ವಾಮಿ, ಬೈಂದೂರಿನ ಹತ್ತಿರದ ನಮ್ಮ ಮನೆಯಲ್ಲಿ. ಆ ವರ್ಷ ಕ್ಯಾಲೆಂಡರು ಒಂದು ಆಟ ಹೂಡಿತ್ತು. ಅಲ್ಲಿ ಸತ್ತವರ ಹಬ್ಬದ ಎರಡನೇ ದಿನ, ಕ್ರೈಸ್ತರಿಗೆ ಸಕಲ ಮೃತರ ದಿನ, ನಮಗೆ ದೀಪಾವಳಿಯ ಬಲಿಪಾಡ್ಯ. ಮೂರೂ ಒಂದೇ ತಾರೀಕು! ಮರುವರ್ಷ 2025ರಲ್ಲಿ ಪಾಡ್ಯ ಅಕ್ಟೋಬರ್ 22ಕ್ಕೇ ಮುಗಿದುಹೋಯಿತು. ಹೀಗೆ ಕೂಡಿಬರುವುದು ಅಪರೂಪ.

ಅಪ್ಪಯ್ಯ ತೀರಿಕೊಂಡದ್ದು 2023ರಲ್ಲಿ. ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬ ಇಲ್ಲ. ಹಾಗಾಗಿ ಅವರಿಗೆ ಎಡೆ ಇಡುವ ಮೊದಲ ದೀಪಾವಳಿ ಅದೇ. ನಮ್ಮ ಕಡೆ ಹಿರಿಯರಿಗೆ ಬಡಿಸುವ ಕ್ರಮ ಮನೆಮನೆಗೂ ಬೇರೆ. ಬ್ರಾಹ್ಮಣರ ಮನೆಯಲ್ಲಿ ಶ್ರಾದ್ಧ, ಪಿಂಡ, ಕಾಗೆಗೆ ಕಾಯುವುದು. ಕೆಲವರಿಗೆ ಮಹಾಲಯ ಅಮಾವಾಸ್ಯೆ, ಕೆಲವರಿಗೆ ಆಟಿ ತಿಂಗಳು. ನಮ್ಮ ಮನೆಯಲ್ಲಿ ಪಾಡ್ಯದ ಸಂಜೆ. ಒಳಕೋಣೆಯಲ್ಲಿ ಬಾಳೆಯೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬರುವುದು. ಅವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆಗೆಯುವುದು.

ಇಲ್ಲಿ ಒಂದು ಮಾತು. ನಮ್ಮ ಕುಂದಾಪುರ ಸೀಮೆಯ ಕೆರಾಡಿಯ ರಿಷಬ್ ಶೆಟ್ಟಿ 2022ರಲ್ಲಿ ‘ಕಾಂತಾರ’ ತೆಗೆದ ಮೇಲೆ ದೈವ ಅಂದರೆ ಏನು ಅಂತ ಇಡೀ ದೇಶಕ್ಕೆ ಗೊತ್ತಾಯಿತು. ರಾಷ್ಟ್ರಪ್ರಶಸ್ತಿಯೂ ಬಂತು, ಸಂತೋಷ. ಆದರೆ ಅದರ ಬೆನ್ನಿಗೇ ಸ್ಟೇಜಿನಲ್ಲಿ, ಫ್ಯಾನ್ಸಿ ಡ್ರೆಸ್ಸಿನಲ್ಲಿ ದೈವದ ವೇಷ ಹಾಕಿ ಕುಣಿಯುವವರೂ ಹುಟ್ಟಿಕೊಂಡರು. ದೈವಾರಾಧಕರು ಬೇಜಾರು ಮಾಡಿಕೊಂಡರು, ಹಾಗೆ ಮಾಡಬೇಡಿ ಅಂತ ರಿಷಬ್ ಅವರೇ ಹೇಳಬೇಕಾಯಿತು. ಕೋಲಕ್ಕಾದರೆ ಬೆಂಕಿ ಇದೆ, ಬಣ್ಣ ಇದೆ, ಕ್ಯಾಮೆರಾಕ್ಕೆ ಬೇಕಾದದ್ದೆಲ್ಲ ಇದೆ. ಎಡೆಯ ವಿಷಯ ಹಾಗಲ್ಲ. ಅದರ ಕ್ಲೈಮ್ಯಾಕ್ಸ್ ನಡೆಯುವುದೇ ಮುಚ್ಚಿದ ಬಾಗಿಲಿನ ಹಿಂದೆ!

ಪಾಡ್ಯದ ಬೆಳಿಗ್ಗೆ ಅಮ್ಮನನ್ನು ಕೇಳಿದೆ, “ಅಮ್ಮ, ಅಪ್ಪಯ್ಯಂಗೆ ಎಂತ ಇಷ್ಟ?”

“ಉದ್ದಿನ ದೋಸೆ, ಕೋಳಿ ಸಾರು.” ಅಮ್ಮ ಥಟ್ಟನೆ ಹೇಳಿದರು. ಆಮೇಲೆ ರುಬ್ಬುವುದನ್ನು ನಿಲ್ಲಿಸಿ ಯೋಚನೆಗೆ ಬಿದ್ದರು. “ಅಲ್ದಾ? ನಂಗ್ ಹ್ಯಾಂಗ್ ಗೊತ್ತಾತ್ ಮಾಣಿ? ವರ್ಷಕ್ಕ್ ಹತ್ತ್ ದಿನ ಬಪ್ಪೋರ್. ಮಾಡಿ ಹಾಕದ್ದೆಲ್ಲ ಉಂಡ್ರ್. ಒಂದಿನವೂ ಇದ್ ಬ್ಯಾಡ ಅಂದೋರಲ್ಲ.”

ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ನಮ್ಮ ಕಡೆಯ ಹುಡುಗರಿಗೆ ಇದು ಹೊಸ ಕಥೆಯೇನಲ್ಲ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಊಟದ ಹೋಟೆಲು ತೆರೆದರು. ಆ ಮೇಲೆ ಎಷ್ಟು ಹೋಟೆಲುಗಳು, ಎಷ್ಟು ಹುಡುಗರು! ಶಾಲೆ ಬಿಟ್ಟ ಮಾಣಿ ಬಸ್ಸು ಹತ್ತಿದರೆ ಸೀದಾ ಕಪ್ಪು ಬಸಿ ತೊಳೆಯುವ ಮೋರಿಯ ಹತ್ತಿರ ಇಳಿಯುತ್ತಿದ್ದ. ಅವರಿಗೆಂದೇ ಬೊಂಬಾಯಿಯಲ್ಲಿ ಕನ್ನಡ ರಾತ್ರಿಶಾಲೆಗಳಿದ್ದವು. ಅಪ್ಪಯ್ಯ ಹೋದದ್ದು 1974ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ವಾಪಸು ಬಂದದ್ದು 2009ರಲ್ಲಿ, ಮೊಣಕಾಲು ಹೋದ ಮೇಲೆ. ನಡುವಿನ ಮೂವತ್ತೈದು ವರ್ಷ ಊರಿಗೆ ಬಂದದ್ದು ದೀಪಾವಳಿಗೆ ಮಾತ್ರ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ತನಕ ಬಸ್ಸೇ ಗತಿ, ಬರುವುದಕ್ಕೆ ಹೋಗುವುದಕ್ಕೇ ರಜೆ ಮುಗಿಯುತ್ತಿತ್ತು. ಬಲಿ ಚಕ್ರವರ್ತಿಯೂ ಪಾತಾಳದಿಂದ ವರ್ಷಕ್ಕೊಮ್ಮೆ ತನ್ನ ರಾಜ್ಯ ನೋಡಲು ಬರುವವನಲ್ಲವೇ? “ಬಂದ್ರಪ್ಪ ನಮ್ಮನಿ ಬಲೀಂದ್ರ” ಅಂತ ಅಜ್ಜಿ ನಗಾಡುತ್ತಿದ್ದರು.

ವಾಪಸು ಬಂದ ಮೇಲಾದರೂ ಕೇಳಬಹುದಿತ್ತು ಅಂತೀರಿ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆವು. ಕೇಳಲಿಲ್ಲ. ನಾನು ರಾಜ್‌ಕುಮಾರ್ ಚಿತ್ರಗಳ ಬಿಡುಗಡೆಯ ದಿನಾಂಕ ಸಾಲಾಗಿ ಹೇಳಬಲ್ಲೆ. ಶಂಕರನಾಗ್ ಯಾವ ಚಿತ್ರದಲ್ಲಿ ಯಾವ ಬೈಕ್ ಓಡಿಸಿದ ಅಂತ ಜಗಳ ಮಾಡಬಲ್ಲೆ. ನನ್ನ ಅಪ್ಪಯ್ಯನಿಗೆ ಯಾವ ತಿಂಡಿ ಇಷ್ಟ ಅಂತ ಕೇಳಿದರೆ ಬಾಯಿಕಟ್ಟು.

ಅಪ್ಪಯ್ಯನ ಜೊತೆ ಒಂದೇ ಖೋಲಿಯಲ್ಲಿ ಇಪ್ಪತ್ತು ವರ್ಷ ಇದ್ದವರೊಬ್ಬರು ಬ್ರಹ್ಮಾವರದ ಹತ್ತಿರ ಇದ್ದಾರೆ. ನಾನು ಮಾವ ಅಂತಲೇ ಕರೆಯುವುದು. ಫೋನಿನಲ್ಲಿ ಅವರಿಗೆ ಕಿವಿ ಕೇಳಿಸುವುದಿಲ್ಲ. “ಸಂಜೆ ಆಪ್ದ್ರೊಳ್ಗೆ ಬಾ” ಅಂತ ಅಮ್ಮ ಎಚ್ಚರಿಸಿದರು. ಒಂಬತ್ತು ಗಂಟೆಗೆ ಬಸ್ಸು ಹತ್ತಿದೆ.

ಮರವಂತೆಯಲ್ಲಿ ಬಸ್ಸಿನ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಎಷ್ಟು ಸಲ ಹೋದರೂ ಕುತ್ತಿಗೆ ಅತ್ತಿತ್ತ ತಿರುಗುತ್ತದೆ. ಹಬ್ಬದ ದಿನ, ಬಸ್ಸು ಹೌಸ್‌ಫುಲ್. ಅಂಗಡಿ ಮುಂದೆಲ್ಲ ಗೊಂಡೆ ಹೂವಿನ ರಾಶಿ. ದನಗಳ ಮೈಮೇಲೆ ಶೇಡಿಯಲ್ಲಿ ಒತ್ತಿದ ಬಿಳಿ ಉಂಗುರಗಳು, ಕೊರಳಲ್ಲಿ ಮಾಲೆ. ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ ಇಳಿದೆ. ಅಲ್ಲಿ ನನ್ನ ಕಾಲೇಜು ಗೆಳೆಯನೊಬ್ಬನಿದ್ದಾನೆ, ಕೊಂಕಣಿ ಮಾತಾಡುವ ಕ್ರೈಸ್ತ. ಬಾಂಡ್ ಪಿಕ್ಚರಿನಲ್ಲಿ ಬಾಯಿ ಬಿಟ್ಟವನು ಇವನೇ! ಅವನನ್ನು ನೋಡಿಯೇ ಮುಂದೆ ಹೋಗುವುದು ಅಂತ ಫೋನ್ ಮಾಡಿದರೆ, “ಸಿಮೆಟ್ರಿಯಲ್ಲಿದ್ದೆ, ಇಲ್ಲಿಗೇ ಬಾ” ಅಂದ.

ಕುಂದಾಪುರದ ಹೋಲಿ ರೋಜರಿ ಚರ್ಚಿನವರು ತಮ್ಮ ಇಗರ್ಜಿಯ ವಯಸ್ಸನ್ನು 1570ರಿಂದ ಎಣಿಸುತ್ತಾರೆ. ಪೋರ್ಚುಗೀಸರು ಬಸ್ರೂರಿನ ಅಕ್ಕಿಗಾಗಿ ಈ ಹೊಳೆಬಾಯಿಯಲ್ಲಿ ಸುಳಿದಾಡುತ್ತಿದ್ದ ಕಾಲ ಅದು. ಸ್ಮಶಾನದಲ್ಲಿ ಆ ಬೆಳಿಗ್ಗೆ ನಾನು ಕಂಡದ್ದು ಅಳುವ ಜನರನ್ನಲ್ಲ. ಪ್ಯಾಂಟು ಮಡಚಿಕೊಂಡು ಹುಲ್ಲು ಕೀಳುವವರು, ಸಮಾಧಿಯ ಕಲ್ಲು ತಿಕ್ಕಿ ತೊಳೆಯುವ ಹೆಂಗಸರು, ಮೇಣದ ಬತ್ತಿಯ ಕಟ್ಟು ಹಿಡಿದುಕೊಂಡು ಓಡುವ ಮಕ್ಕಳು. ಪೂಜೆಯಾಗಿ, ಪಾದ್ರಿಗಳು ಬಂದು ಸಮಾಧಿಗಳ ಮೇಲೆ ಪವಿತ್ರ ಜಲ ಚಿಮುಕಿಸಿ ಹರಸುವ ದಿನ. ಈ ದಿನವನ್ನು ಆಚರಣೆಗೆ ತಂದದ್ದು ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಕ್ಲೂನಿ ಮಠದವರು. ಸ್ಪೇನಿನವರ ಹಡಗು ಹತ್ತಿ ಅದು ಮೆಕ್ಸಿಕೋ ಮುಟ್ಟಿತು. ಅಲ್ಲಿನ ಮೂಲನಿವಾಸಿಗಳಿಗೆ ಸತ್ತವರಿಗೆ ಉಣಬಡಿಸುವ ಅಭ್ಯಾಸ ಮೊದಲೇ ಇತ್ತು. ಎರಡೂ ಬೆರೆತವು. ನಮ್ಮ ಕಡಲತೀರಕ್ಕೆ ಅದೇ ದಿನ ಪೋರ್ಚುಗೀಸರ ಹಡಗಿನಲ್ಲಿ ಬಂತು.

ಗೆಳೆಯ ಅವನ ಅಜ್ಜಿಯ ಸಮಾಧಿಯ ಮೇಲೆ ಗೊಂಡೆ ಹೂವು ಜೋಡಿಸುತ್ತಿದ್ದ. ನಾನು ಕಿಚಾಯಿಸಿದೆ, “ಎಂತದಾ, ನಮ್ಮ ದೀಪಾವಳಿ ಹೂವನ್ನ ಕದ್ಯಾ?”

“ನಿಮ್ಮ ಹೂವಾ?” ಅಂತ ನಕ್ಕ. “ಮೆಕ್ಸಿಕೋದ್ದು ಮಾರಾಯ ಇದು!”

ಅವನು ಹೇಳಿದ್ದು ಸುಳ್ಳಲ್ಲ. ನಾವು ಬಾಗಿಲಿಗೆ ತೋರಣ ಕಟ್ಟುವ, ದನದ ಕೊರಳಿಗೆ ಹಾಕುವ, ದೇವರ ತಲೆಗೇರಿಸುವ ಈ ದೊಡ್ಡ ಗೊಂಡೆಯ ತವರು ಮೆಕ್ಸಿಕೋ. ಯುರೋಪಿನವರು ಅಮೆರಿಕ ಕಂಡ ಮೇಲೆಯೇ ಅದು ಇತ್ತ ಬಂದದ್ದು. ಕೋಳಿ ಸಾರಿಗೆ ಹಾಕುವ ಕೆಂಪು ಮೆಣಸೂ ಅದೇ ದಿಕ್ಕಿನಿಂದ ಬಂದ ನೆಂಟ. ಅಲ್ಲಿ ಗೊಂಡೆಯ ಎಸಳನ್ನು ಸಮಾಧಿಯಿಂದ ಮನೆಬಾಗಿಲ ತನಕ ಚೆಲ್ಲುತ್ತಾರೆ. ಅದರ ಬಣ್ಣ, ಪರಿಮಳ ಹಿಡಿದು ಸತ್ತವರು ದಾರಿ ತಪ್ಪದೆ ಬರುತ್ತಾರಂತೆ. ‘ಕೋಕೋ’ದಲ್ಲಿ ಸತ್ತವರ ಲೋಕಕ್ಕೆ ಸೇತುವೆಯೇ ಗೊಂಡೆಯದು. ನಮ್ಮವರೂ ದೀಪಾವಳಿಯ ಅಮಾವಾಸ್ಯೆಗೆ ಪಿತೃಗಳ ದಾರಿಗೆ ಬೆಳಕು ಅಂತ ಪಂಜು ಹಚ್ಚಿ ತೋರಿಸುವ ಉಲ್ಕಾದಾನವನ್ನು ಶಾಸ್ತ್ರದಲ್ಲೇ ಹೇಳಿಟ್ಟಿದ್ದಾರೆ.

ಗೆಳೆಯನಿಗೆ ನನ್ನ ಪೇಚಾಟ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ದ್ ಸುಲಭ ಮಾರಾಯ. ಕ್ಯಾಂಡಲ್ ಹಚ್ಚಿದ್ರ್ ಆತ್. ಎಲ್ಲರಿಗೂ ಒಂದೇ ಕ್ಯಾಂಡಲ್” ಅಂದ.

ಅಲ್ಲಿಂದ ಬ್ರಹ್ಮಾವರಕ್ಕೆ ಇಪ್ಪತ್ತೈದರ ಆಸುಪಾಸು ಕಿಲೋಮೀಟರು. ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ. ಕೋಟ ಅಂದರೆ ಶಿವರಾಮ ಕಾರಂತರ ಊರು, ಸಿನಿಮಾ ಮಂದಿಗೆ ‘ಚೋಮನ ದುಡಿ’ ಬರೆದವರ ಊರು ಅಂತ ಹೇಳಿದರೆ ಸಾಕು. ಬಸ್ಸಿನಲ್ಲಿ ಕೂತು ನಾನು ಇನ್ನೊಂದು ಚಿತ್ರವನ್ನು ನೆನೆಸುತ್ತಿದ್ದೆ. 1960ರ ‘ಮಕಾರಿಯೋ’. ಆಸ್ಕರಿನ ಪರಭಾಷಾ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಮೆಕ್ಸಿಕನ್ ಚಿತ್ರ. ಕಪ್ಪುಬಿಳುಪು, ಛಾಯಾಗ್ರಾಹಕ ಗೇಬ್ರಿಯೆಲ್ ಫಿಗೆರೋವಾ. ಸಿಕ್ಕರೆ ಬಿಡಬೇಡಿ! ಕಥೆ ನಡೆಯುವುದು ಸತ್ತವರ ಹಬ್ಬದ ಸಮಯದಲ್ಲಿ. ಊರವರೆಲ್ಲ ಸತ್ತವರಿಗೆ ಭರ್ಜರಿ ಊಟ ಬಡಿಸುತ್ತಿದ್ದಾರೆ. ಬದುಕಿರುವ ಕಟ್ಟಿಗೆ ಕಡಿಯುವವನೊಬ್ಬ ಹೊಟ್ಟೆಗಿಲ್ಲದೆ ಸಾಯುತ್ತಿದ್ದಾನೆ. ಜನ್ಮದಲ್ಲಿ ಒಮ್ಮೆ, ಹೆಂಡತಿ ಮಕ್ಕಳಿಗೂ ಕೊಡದೆ, ಒಂದು ಇಡೀ ಟರ್ಕಿ ಕೋಳಿಯನ್ನು ತಾನೊಬ್ಬನೇ ತಿನ್ನಬೇಕು ಅನ್ನುವುದು ಅವನ ಆಸೆ. ಹೆಂಡತಿ ಹೇಗೋ ಒಂದು ಕೋಳಿ ತಂದು ಸುಟ್ಟು ಕೊಡುತ್ತಾಳೆ. ಕಾಡಿಗೆ ಒಯ್ದು ತಿನ್ನಲು ಕೂತರೆ, ಸಾವೇ ಎದುರು ಬಂದು ನನಗೂ ಪಾಲು ಕೊಡು ಅಂತ ಕೇಳುತ್ತದೆ! ಮುಂದಿನ ಕಥೆ ಬೆಳ್ಳಿತೆರೆಯ ಮೇಲೆ ನೋಡಿ. ನನಗೆ ಆ ದಿನ ಕಾಡಿದ್ದು ಬೇರೆ. ಆ ಹೆಂಡತಿಗೆ ಗಂಡನ ಆಸೆ ಏನು ಅಂತ ಗೊತ್ತಿತ್ತಲ್ಲ!

ಮಾವನ ಮನೆಯಲ್ಲಿ ಗೋಪೂಜೆ ಮುಗಿದಿತ್ತು. ಹಟ್ಟಿಯ ಎದುರು ಕೂತಿದ್ದರು. ನನ್ನನ್ನು ಕಂಡು, “ಹಬ್ಬದ್ ದಿನ ಮನಿ ಬಿಟ್ಟ್ ಬಂದ್ಯಲ್ಲ ಮಾಣಿ!” ಅಂದರು. ಕಿವಿಯ ಹತ್ತಿರ ಬಾಯಿಟ್ಟು ವಿಷಯ ಹೇಳಿದೆ. ಅಮ್ಮ ಉದ್ದಿನ ದೋಸೆ ಅಂದಿದ್ದಾರೆ, ಬೇರೆ ಏನಾದರೂ ಇದ್ದರೆ ಹೇಳಿ ಅಂದೆ.

“ದೋಸಿಯಾ?” ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿನ್ನಪ್ಪಯ್ಯ ದೋಸೆ ಮುಟ್ತಿರ್ಲಿಲ್ಲ! ಬೆಳಿಗ್ಗೆ ಐದ್ ಗಂಟಿಗೆ ಕಾವಲಿ ಮುಂದೆ ನಿಂತ್ರೆ ರಾತ್ರಿ ತನಕ ದೋಸೆ ಹೊಯ್ಯುದೇ. ಅದ್ರ ವಾಸ್ನೆ ಕಂಡ್ರೇ ಆತಿರ್ಲಿಲ್ಲ ಅವಂಗೆ.”

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎಷ್ಟೋ ದೀಪಾವಳಿ. ಪ್ರತಿ ದೀಪಾವಳಿಗೆ ಹತ್ತು ದಿನ. ಅಮ್ಮ ಮಡಿಲು ತುಂಬ ಪ್ರೀತಿ ಇಟ್ಟುಕೊಂಡು ಹೊಯ್ದು ಹಾಕಿದ ದೋಸೆ!

“ಮನಿಯಲ್ಲಿ ತಿಂತಿದ್ರಲ್ಲ ಮಾವ?”

“ನಾನೂ ಕೇಂಡಿದ್ದೆ ಮಾಣಿ. ಅದ್ ಅಲ್ಲಿ ದಾರಿ ಕಾಂತಾ ಇರತ್ತ್, ಹತ್ತ್ ದಿನ ಬ್ಯಾಡ ಅಂಬುಕಾತ್ತಾ ಅಂದ.”

ಮತ್ತೆ ಅವರೇ ಮುಂದುವರಿಸಿದರು. ಅಪ್ಪಯ್ಯನಿಗೆ ಇಷ್ಟವಿದ್ದದ್ದು ಇರಾನಿ ಹೋಟೆಲಿನ ಬನ್ ಮಸ್ಕಾ. ಮಾಟುಂಗಾದ ಅರೋರಾ ಟಾಕೀಸು ದಕ್ಷಿಣದ ಚಿತ್ರಗಳಿಗೆ ಹೆಸರಾದದ್ದು. ಅಲ್ಲಿಯೋ ಇನ್ನೆಲ್ಲಿಯೋ ಆಯ್ತವಾರ ಬೆಳಗಿನ ಆಟಕ್ಕೆ ರಾಜಣ್ಣನ ಚಿತ್ರ ಬಂದರೆ, ಶೇಟಿನ ಕೈಕಾಲು ಹಿಡಿದು ಮೂರು ಗಂಟೆ ಬಿಡುವು ಮಾಡಿಕೊಳ್ಳುವುದು. ಹೋಗುವ ದಾರಿಯಲ್ಲಿ ಇರಾನಿಯಲ್ಲಿ ಕೂತು ಒಂದು ಬನ್ನು, ದಪ್ಪ ಬೆಣ್ಣೆ, ಒಂದು ಚಾ. ಬನ್ನನ್ನು ಚಾದಲ್ಲಿ ಅದ್ದಿ ಅದ್ದಿ ತಿನ್ನುವುದು. “ಬೇರೆಯೋರ್ ತಂದ್ ಕೊಟ್ಟದ್ದನ್ನ ಕೂತ್ಕಂಡ್ ತಿಂಬುದ್ ಅದೊಂದೇ ಹೊತ್ತ್ ಅವಂಗೆ” ಅಂದರು ಮಾವ.

ಅಪ್ಪಯ್ಯ ಸಿನಿಮಾ ನೋಡುತ್ತಿದ್ದರು ಅನ್ನುವುದೇ ನನಗೆ ಹೊಸ ಸುದ್ದಿ! ಊರಿನಲ್ಲಿ ನಾನು ಮ್ಯಾಟಿನಿಗೆ ಹೋಗಿ ಸಿಕ್ಕಿಬಿದ್ದಾಗ ಅಜ್ಜ ಹೊಡೆದಿದ್ದರು. ಅಪ್ಪಯ್ಯ ಮಾತ್ರ ಆ ವರ್ಷ ದೀಪಾವಳಿಗೆ ಬಂದವರು ದೂರು ಕೇಳಿ ಏನೂ ಹೇಳಿರಲಿಲ್ಲ. ಅದರ ಗುಟ್ಟು ಈಗ ಗೊತ್ತಾಯಿತು.

ಬ್ರಹ್ಮಾವರದ ಪೇಟೆಯ ಒಂದು ಬೇಕರಿಯಲ್ಲಿ ನಾಲ್ಕು ಬನ್ನು, ನೂರು ಗ್ರಾಮ್ ಬೆಣ್ಣೆ ಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ಒಂದೇ ಪ್ರಶ್ನೆ. ಅಮ್ಮನಿಗೆ ಏನು ಹೇಳುವುದು? ಅಪ್ಪಯ್ಯ ಹೇಳದೆ ಇಟ್ಟದ್ದನ್ನು ನಾನು ಹೇಳಬಹುದೇ? ಹೇಳದಿದ್ದರೆ ಬನ್ನು ಎಲ್ಲಿಂದ ಬಂತು ಅನ್ನಲಿ? ಕುಂದಾಪುರ ದಾಟಿತು, ಮರವಂತೆ ದಾಟಿತು. ಕಡಲಿನ ಕಡೆ ಸೂರ್ಯ ಇಳಿಯುತ್ತಿದ್ದ, ನಾನು ಕುತ್ತಿಗೆ ತಿರುಗಿಸಲಿಲ್ಲ.

ಮನೆಗೆ ಬಂದಾಗ ಎಲೆ ಹಾಕಿ ಆಗಿತ್ತು. ಗೋಡೆಗೊರಗಿಸಿ ಅಪ್ಪಯ್ಯನ ಫೋಟೋ. ಬ್ಯಾಂಕಿನ ಪಾಸ್‌ಬುಕ್ಕಿನದ್ದನ್ನು ದೊಡ್ಡದು ಮಾಡಿಸಿದ್ದು, ಬೇರೆ ಇರಲಿಲ್ಲ. ಎಲೆಯ ಮೇಲೆ ಉದ್ದಿನ ದೋಸೆ ನಾಲ್ಕು, ಕೋಳಿ ಸಾರು, ಅರಶಿನ ಎಲೆಯ ಕಡುಬು. ನಾನು ಬನ್ನಿನ ಪೊಟ್ಟಣ ಮುಂದೆ ಇಟ್ಟೆ.

“ಎಂತ ಇದ್, ಬನ್ನಾ?”

“ಮಾವ ಹೇಳ್ರ್. ಬೊಂಬಾಯಿಯಲ್ಲಿ ಪಿಕ್ಚರಿಗೆ ಹೋಪತಿಗೆ ಅಪ್ಪಯ್ಯ ಇದನ್ನ ಚಾದಲ್ಲಿ ಅದ್ದಿ ತಿಂತಿದ್ರಂಬ್ರ್.” ಅಷ್ಟೇ ಹೇಳಿದೆ. ದೋಸೆಯ ವಿಷಯ ಬಾಯಿಗೆ ಬರಲಿಲ್ಲ. ಇವತ್ತಿಗೂ ಹೇಳಿಲ್ಲ. ಅಮ್ಮ ಈ ಪತ್ರಿಕೆ ಓದುವುದಿಲ್ಲ, ಆ ಧೈರ್ಯದ ಮೇಲೆ ನಿಮಗೆ ಹೇಳುತ್ತಿದ್ದೇನೆ.

ಅಮ್ಮ ಒಂದು ಕ್ಷಣ ಬನ್ನು ನೋಡಿದರು. ಆಮೇಲೆ ಬೆಣ್ಣೆ ಸವರಿ, ದೋಸೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿ, ಎಲೆಯ ನಡುವೆ ಇಟ್ಟರು. ಒಳಗೆ ಹೋಗಿ ಚಾ ಕಾಸಿ ತಂದು ಲೋಟದಲ್ಲಿ ಎಲೆಯ ಬಲಕ್ಕೆ ಇಟ್ಟರು. ದೀಪ ಹಚ್ಚಿ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆವು.

ಹೊರಗೆ ಕತ್ತಲೆ. ಕೋಲಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ತಿರಿಗಳನ್ನು ಹಿಡಿದು ಎಲ್ಲರೂ ಗದ್ದೆಗೆ ಇಳಿದೆವು. ತುಳಸಿಕಟ್ಟೆಗೊಂದು, ಬಾವಿಕಟ್ಟೆಗೊಂದು, ಹಟ್ಟಿಗೊಂದು, ಗೊಬ್ಬರದ ಗುಂಡಿಗೂ ಒಂದು. ಉಳಿದದ್ದು ಗದ್ದೆಯಂಚಿಗೆ. ಬಲೀಂದ್ರನನ್ನು ಹೆಸರು ಹಿಡಿದು ಕರೆದು ಕೊನೆಗೆ ‘ಕೂ’ ಅಂತ ಉದ್ದಕ್ಕೆ ಕೂಗುವುದು ನಮ್ಮ ಕ್ರಮ. ಅಜ್ಜ ಹೋದ ಮೇಲೆ ಕೂಗುತ್ತಿದ್ದವರು ಅಪ್ಪಯ್ಯ, ಬೊಂಬಾಯಿಯಿಂದ ಬಂದದ್ದೇ ಅದಕ್ಕೆ ಅನ್ನುವ ಹಾಗೆ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಈ ಸಲ ನಾನು ಕೂಗಿದೆ. ಮೊದಲನೆಯದು ಒಡೆದುಹೋಯಿತು, ಎರಡನೆಯದು ಪರವಾಗಿಲ್ಲ. ಆಚೆ ಬೈಲಿನ ಮನೆಯವರು ತಮ್ಮ ಗದ್ದೆಯಿಂದ ಮಾರುತ್ತರ ಕೊಟ್ಟರು. ಅದರಾಚೆಯಿಂದ ಇನ್ನೊಂದು ಕೂಗು. ಕತ್ತಲೆಯಲ್ಲಿ ಅಲ್ಲಲ್ಲಿ ತಿರಿಗಳು ಉರಿಯುತ್ತಿದ್ದವು.

ವಾಪಸು ಬಂದು, ಅಮ್ಮ ಕೆಮ್ಮಿ, ಬಾಗಿಲು ತೆಗೆದರು. ಎಲೆ ಇಟ್ಟ ಹಾಗೇ ಇತ್ತು. ಚಾ ಮಾತ್ರ ಆರಿತ್ತು. ಎಡೆಯ ಅನ್ನ ಮನೆಯವರೇ ಹಂಚಿಕೊಂಡು ಉಣ್ಣಬೇಕು. ದೋಸೆ, ಕೋಳಿ ಮಕ್ಕಳ ಪಾಲಾಯಿತು. ಅಮ್ಮ ಬನ್ನನ್ನು ಎತ್ತಿಕೊಂಡು, ಆರಿದ ಚಾದಲ್ಲಿ ಅದ್ದಿ, ಒಂದು ತುಂಡು ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು.

“ಮಾಣಿ, ಸಿನಿಮಾಕ್ಕ್ ಒಬ್ರೇ ಹೋತಿದ್ರಂಬ್ರಾ, ಮಾವನೂ ಹೋತಿದ್ರಂಬ್ರಾ?”

ಅದನ್ನು ಕೇಳಲು ಮರೆತಿದ್ದೆ. “ನಾಳೆ ಹೋಗಿ ಕೇಂಕಂಡ್ ಬತ್ತೆ” ಅಂದೆ. ಅಮ್ಮ ಇನ್ನೊಂದು ತುಂಡು ಮುರಿದು ಚಾದಲ್ಲಿ ಅದ್ದಿದರು.